ಶಿವಮೊಗ್ಗದ ಪಾರ್ಲಿಮೆಂಟು ಸ್ಥಾನ: ಗೆದ್ದವರು ಯಾವುದರಿಂದ ಗೆದ್ದರು?

(ಸಾಗರದಲ್ಲಿ ನಡೆದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನಮ್ಮ ಲೋಕಸಭಾ ಕ್ಷೇತ್ರದ ಚುನಾವಣೆಗಳ ಚರಿತ್ರೆಯನ್ನು ಹೇಳಬೇಕೆಂದು ಶಿಬಿರದ ವ್ಯವಸ್ಥಾಪಕರು ನಮಗೆ ಅಪ್ಪಣೆ ಮಾಡಿದ್ದಾರೆ. ಯಾವ ವರ್ಷ ಯಾರು ಗೆದ್ದರು, ಯಾರು ಸೋತರು ಎಂಬ ಪಟ್ಟಿಯಷ್ಟೇ ಬೇಕಾದವರು ಇಲ್ಲಿಗೆ ಬರಬೇಕಾಗಿಲ್ಲ. ಅದು ಚುನಾವಣಾ ಆಯೋಗದ ವರದಿಗಳಲ್ಲಿ ಸಿಕ್ಕುತ್ತದೆ. ಆದರೂ ಲೆಕ್ಕವನ್ನು ಒಮ್ಮೆ ಮುಂದಿಟ್ಟುಕೊಳ್ಳೋಣ. 1952ರಿಂದ 2024ರವರೆಗೆ ಹದಿನೆಂಟು ಸಾರ್ವತ್ರಿಕ ಚುನಾವಣೆಗಳು ನಡೆದಿವೆ. ಅವುಗಳಲ್ಲಿ ಕಾಂಗ್ರೆಸ್ಸು ಹತ್ತು ಸಲ ಗೆದ್ದಿದೆ, ಭಾರತೀಯ ಜನತಾ ಪಕ್ಷ ಆರು ಸಲ, ಬಂಗಾರಪ್ಪನವರು ಸ್ವಂತವಾಗಿ ಕಟ್ಟಿದ ಪಕ್ಷ ಒಂದು ಸಲ. ಸಮಾಜವಾದಿಗಳು ಒಂದೇ ಒಂದು ಸಲ, 1967ರಲ್ಲಿ. ಇದರ ಮೇಲೆ ಈ ಶತಮಾನದಲ್ಲಿ ಎರಡು ಉಪಚುನಾವಣೆಗಳು. ಅವುಗಳ ಪೈಕಿ 2005ರದ್ದನ್ನು ಸಮಾಜವಾದಿ ಪಾರ್ಟಿ ಎಂಬ ಹೆಸರಿನ ಪಕ್ಷವೇ ಗೆದ್ದಿತು. ಅದನ್ನು ನಮ್ಮ ಲೆಕ್ಕಕ್ಕೆ ಹಿಡಿಯಬೇಕೆ, ಬೇಡವೆ ಎಂಬುದನ್ನು ಮುಂದೆ ನೋಡೋಣ.

ಕಾಗೋಡಿನಂಥ ಹೋರಾಟ ನಡೆದ ಜಿಲ್ಲೆ ಇದು. ಗೋಪಾಲಗೌಡರು ಹುಟ್ಟಿದ, ಲೋಹಿಯಾ ಅವರು ಬಂದು ಸೆರೆಯಾದ ನೆಲ ಇದು. ಇಂಥ ಜಿಲ್ಲೆಯಲ್ಲಿ ಹದಿನೆಂಟರಲ್ಲಿ ಒಂದು ಏಕೆ? ಈ ಪ್ರಶ್ನೆಗೆ ನಮ್ಮ ಜನ ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತಾರೆ. ಒಂದು, ಜಾತಿ, ಇನ್ನೊಂದು, ಹಣ. ಎರಡೂ ಸುಳ್ಳಲ್ಲ. ಆದರೆ ಜಾತಿಯೂ ಹಣವೂ 1952ರಲ್ಲಿ ಇದ್ದವು, 1967ರಲ್ಲೂ ಇದ್ದವು. ಎಲ್ಲ ಕಾಲಕ್ಕೂ ಸಲ್ಲುವ ಉತ್ತರ ಯಾವ ಕಾಲಕ್ಕೂ ಪೂರ್ತಿ ಸಲ್ಲುವುದಿಲ್ಲ. ಆದ್ದರಿಂದ ಮೊದಲಿನಿಂದಲೇ ಹಿಡಿಯೋಣ.

1951ರ ಏಪ್ರಿಲ್ 18ರಂದು ಕಾಗೋಡಿನಲ್ಲಿ ಸತ್ಯಾಗ್ರಹ ಶುರುವಾಯಿತು. ಗೇಣಿ ಅಳೆಯುವ ಕೊಳಗದಿಂದ ಎದ್ದ ಜಗಳ ಅದು. ಸರ್ಕಾರದ ಅಳತೆಗಿಂತ ಜಮೀನುದಾರನ ಕೊಳಗ ದೊಡ್ಡದು. ವರ್ಷವಿಡೀ ಕೆಸರಿನಲ್ಲಿ ನಿಂತವನು ಅಳೆದು ಕೊಡುವಾಗ ಆ ಕೊಳಗಕ್ಕೇ ತುಂಬಬೇಕು. ಹೆಚ್. ಗಣಪತಿಯಪ್ಪನವರು ರೈತ ಸಂಘವನ್ನು ಕಟ್ಟಿ ದೀವರ ಗೇಣಿದಾರರನ್ನು ಒಗ್ಗೂಡಿಸಿದರು. ಗದ್ದೆಯಿಂದ ಬಿಡಿಸಿದಾಗ ಗೇಣಿದಾರರು ನೇಗಿಲು ಹಿಡಿದು ಅದೇ ಗದ್ದೆಗೆ ಇಳಿದರು, ಜೈಲಿಗೆ ಹೋದರು. ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು. ಜೂನ್ ತಿಂಗಳಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ಅವರೇ ಬಂದರು, ಸೆರೆಯಾದರು. ಇಷ್ಟು ನಿಮಗೆಲ್ಲ ಗೊತ್ತಿರುವ ಕಥೆ. ಪ್ರತಿ ಶಿಬಿರದಲ್ಲೂ ಹೇಳುತ್ತೇವೆ. ಮುಂದಿನದನ್ನು ಮಾತ್ರ ಅಷ್ಟಾಗಿ ಹೇಳುವುದಿಲ್ಲ.

ವರ್ಷ ತುಂಬುವುದರೊಳಗೆ, 1952ರ ಜನವರಿಯಲ್ಲಿ, ದೇಶದ ಮೊದಲನೆಯ ಸಾರ್ವತ್ರಿಕ ಚುನಾವಣೆಗಾಗಿ ನಮ್ಮಲ್ಲಿ ಮತದಾನವಾಯಿತು. ಆ ಚುನಾವಣೆಯಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿ ಹೋದವರು ಯಾರು? ಕಾಂಗ್ರೆಸ್ಸಿನ ಕೆ.ಜಿ. ಒಡೆಯರ್. ಯಾರ ಗದ್ದೆಗೆ ಗೇಣಿದಾರರು ನೇಗಿಲು ಹಿಡಿದು ಇಳಿದಿದ್ದರೋ ಅದೇ ಕಾಗೋಡಿನ ಜಮೀನುದಾರರು. 1957ರಲ್ಲೂ ಅವರೇ ಗೆದ್ದರು.

ಇದನ್ನು ಕೇಳಿದ ಕೂಡಲೇ ಗೇಣಿದಾರನೇ ಒಡೆಯನಿಗೆ ಹೆದರಿ ಓಟು ಹಾಕಿದ ಎಂದು ತೀರ್ಮಾನಿಸಬಾರದು. ಅದೇ ಜನವರಿಯಲ್ಲಿ, ಅದೇ ಮತಗಟ್ಟೆಗಳಲ್ಲಿ, ಸಾಗರ–ಹೊಸನಗರದ ಮತದಾರರು ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಆರಿಸಿ ಕಳಿಸಿದರು. ಅವರ ಎದುರು ಸೋತವರು ಕಾಂಗ್ರೆಸ್ಸಿನ ಪ್ರತಿಷ್ಠಿತರಾದ ಎ.ಆರ್. ಬದರಿನಾರಾಯಣ್. ಗೌಡರಿಗೆ ಆಗ ಇಪ್ಪತ್ತೊಂಬತ್ತು ತುಂಬಿರಲಿಲ್ಲ. ಕೈಯಲ್ಲಿ ಕಾಸಿಲ್ಲ, ‘ಒಂದು ಓಟು, ಒಂದು ನೋಟು’ ಎಂದು ಊರೂರಲ್ಲಿ ಕೇಳಿದರೆಂದು ಹಿರಿಯರು ಇಂದಿಗೂ ಹೇಳುತ್ತಾರೆ. ಆ ಕಾಲದಲ್ಲಿ ಒಂದೇ ಕಾಗದದ ಮೇಲೆ ಮುದ್ರೆ ಒತ್ತುವ ಪದ್ಧತಿ ಇನ್ನೂ ಬಂದಿರಲಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳದು ಮರ. ಅಕ್ಷರ ಬಾರದ ಗೇಣಿದಾರ ಮರೆಯೊಳಗೆ ಹೋಗಿ, ಜೀವಮಾನವೆಲ್ಲ ಹಿಂದೆ ನಡೆದ ಎತ್ತಿನ ಚಿತ್ರವನ್ನು ಬಿಟ್ಟು ಮರದ ಪೆಟ್ಟಿಗೆಯನ್ನು ಹುಡುಕಿ ಕಾಗದ ಇಳಿಸಿದ. ಇದು ಸಣ್ಣ ಧೈರ್ಯವಲ್ಲ.

ಹಾಗಾದರೆ ಲೋಕಸಭೆಯ ಸ್ಥಾನ ಏಕೆ ದಕ್ಕಲಿಲ್ಲ? ಸತ್ಯಾಗ್ರಹದ ಬಿಸಿ ತಟ್ಟಿದ್ದು ಮಲೆನಾಡಿನ ಗೇಣಿ ಗದ್ದೆಗಳಿಗೆ. ಲೋಕಸಭಾ ಕ್ಷೇತ್ರವಾದರೋ ಘಟ್ಟದ ಅಂಚಿನಿಂದ ಬಯಲಿನವರೆಗೆ ಹಬ್ಬಿದ್ದು. ಬಯಲಿನ ರೈತನಿಗೆ ಕೊಳಗದ ಜಗಳ ಪಕ್ಕದ ಮನೆಯ ಜಗಳ. ಕೇಳಿ ಮರುಗಬಹುದು, ಅದಕ್ಕಾಗಿ ತನ್ನ ಊರಿನ ಪಟೇಲನನ್ನು ಎದುರು ಹಾಕಿಕೊಳ್ಳುವುದಿಲ್ಲ. ವಿಧಾನಸಭೆಯ ಕ್ಷೇತ್ರವನ್ನು ಗೋಪಾಲಗೌಡರು ಕಾಲ್ನಡಿಗೆಯಲ್ಲಿ, ಬಸ್ಸಿನಲ್ಲಿ ಸುತ್ತಿ ಮುಗಿಸಬಹುದಿತ್ತು. ಲೋಕಸಭೆಯ ಕ್ಷೇತ್ರವನ್ನು ಸುತ್ತಲು ಕಾರು ಬೇಕು, ತಾಲ್ಲೂಕಿಗೊಬ್ಬ ಮಂಡಿ ಸಾಹುಕಾರ ಬೇಕು, ಊರಿಗೊಬ್ಬ ಪಟೇಲ ಬೇಕು. ಇದೆಲ್ಲ ಕಾಂಗ್ರೆಸ್ಸಿಗೆ ಆಗಲೇ ಕೂಡಿಬಂದಿತ್ತು.

1962ರಲ್ಲಿ ಎಸ್.ವಿ. ಕೃಷ್ಣಮೂರ್ತಿ ರಾಯರು ಗೆದ್ದು ಲೋಕಸಭೆಯ ಉಪಾಧ್ಯಕ್ಷರಾದರು. ಅದಕ್ಕೆ ಮೊದಲು ಹತ್ತು ವರ್ಷ ರಾಜ್ಯಸಭೆಯ ಉಪಸಭಾಪತಿಯಾಗಿದ್ದ ಸಭ್ಯರು, ಸಂವಿಧಾನ ಬಲ್ಲವರು. ಅದೇ ವರ್ಷ ತೀರ್ಥಹಳ್ಳಿಯವರು ಗೋಪಾಲಗೌಡರನ್ನು ಮತ್ತೆ ಬೆಂಗಳೂರಿಗೆ ಕಳಿಸಿದರು. 1957ರಲ್ಲಿ ಅವರು ಸೋತಿದ್ದರು. ದೆಹಲಿಗೆ ಒಂದು ಬಗೆ, ಬೆಂಗಳೂರಿಗೆ ಇನ್ನೊಂದು ಬಗೆ ಎಂಬ ಈ ಅಭ್ಯಾಸವನ್ನು ನೆನಪಿಡಿ.

ಇನ್ನು 1967. ನಮ್ಮಲ್ಲಿ ಕೆಲವರಿಗೆ ಈ ವರ್ಷವೆಂದರೆ ಗೋಡೆಗೆ ತೂಗುಹಾಕಿದ ಮದುವೆಯ ಫೋಟೋ ಇದ್ದ ಹಾಗೆ. ದಿನಾ ನೋಡುತ್ತಾರೆ, ಅದರ ಹಿಂದಿನ ಗೋಡೆಯನ್ನು ನೋಡುವುದಿಲ್ಲ. 1965 ಮತ್ತು 1966ರಲ್ಲಿ ದೇಶಕ್ಕೆ ಮೇಲಿಂದ ಮೇಲೆ ಬರ ಬಂತು. 1966ರ ಜೂನಿನಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಿದರು. ಅಕ್ಕಿ ಬೇಳೆ ಕೈಗೆ ಸಿಗದಂತಾಯಿತು. ಉತ್ತರದ ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ಸಿನ ಸರ್ಕಾರಗಳು ಉರುಳಿದವು. ಆದರೆ ಆಗಿನ ಮೈಸೂರು ರಾಜ್ಯದಲ್ಲಿ ಕಾಂಗ್ರೆಸ್ಸು ಉಳಿದುಕೊಂಡಿತೆಂಬುದನ್ನು ಮರೆಯಬಾರದು. ಅಂಥದರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷ ಈ ರಾಜ್ಯದಲ್ಲಿ ಗೆದ್ದ ಒಂದೇ ಲೋಕಸಭಾ ಸ್ಥಾನ ಶಿವಮೊಗ್ಗ. ಗೆದ್ದವರು ಜೆ.ಹೆಚ್. ಪಟೇಲರು, ವಯಸ್ಸು ಮೂವತ್ತಾರು.

ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಅಂದರೆ ಬಯಲಿನವರು, ಲಿಂಗಾಯತ ಮನೆತನದವರು. ಗೋಪಾಲಗೌಡರು ತೀರ್ಥಹಳ್ಳಿಯಲ್ಲಿ ನಿಂತಿದ್ದರು, ಸೊರಬದಲ್ಲಿ ತರುಣ ಬಂಗಾರಪ್ಪ ಸಮಾಜವಾದಿಯಾಗಿ ನಿಂತಿದ್ದರು. ಇಬ್ಬರೂ ಗೆದ್ದರು. ಆಗ ಎರಡು ಸಭೆಗಳಿಗೂ ಒಟ್ಟಿಗೇ ಚುನಾವಣೆ. ಮಲೆನಾಡಿನ ಗೇಣಿದಾರ ತನ್ನ ಊರಿನ ಹೋರಾಟಗಾರನಿಗೆ ಹಾಕಿದ ಓಟಿನ ಜೊತೆಗೇ ಪಟೇಲರಿಗೂ ಒಂದು ಹಾಕಿದ. ಬಯಲಿನ ರೈತ ತನ್ನವನೇ ಆದ ಪಟೇಲರಿಗೆ ಹಾಕಿದ. ಹದಿನೈದು ವರ್ಷ ಬೇರೆ ಬೇರೆಯಾಗಿ ಹರಿದ ನೀರು ಆ ಒಂದು ಸಲ ಕೂಡಿಕೊಂಡಿತು.

ಗೆದ್ದು ಹೋದವರು ಏನು ಮಾಡಿದರು? ಲೋಕಸಭೆಯಲ್ಲಿ ಎದ್ದುನಿಂತು ಕನ್ನಡದಲ್ಲಿ ಮಾತಾಡಿದರು. ಈಗ ಇದು ದೊಡ್ಡ ಸಂಗತಿಯಾಗಿ ಕಾಣಲಿಕ್ಕಿಲ್ಲ. ಈಗ ಆ ಸಭೆಯಲ್ಲಿ ಕನ್ನಡಕ್ಕೆ ಭಾಷಾಂತರದ ಏರ್ಪಾಡಿದೆ. ಆಗ ಸಂವಿಧಾನದ 120ನೆಯ ವಿಧಿಯೊಂದೇ ಆಧಾರ. ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಹೇಳಿಕೊಳ್ಳಲಾರದ ಸದಸ್ಯನಿಗೆ ತಾಯ್ನುಡಿಯಲ್ಲಿ ಮಾತಾಡಲು ಅಧ್ಯಕ್ಷರು ಅನುಮತಿ ಕೊಡಬಹುದು ಎಂದು ಅದು ಹೇಳುತ್ತದೆ. ಅಂದರೆ, ಬಡವನಿಗೆ ಧರ್ಮಛತ್ರದಲ್ಲಿ ಜಾಗ ಕೊಟ್ಟ ಹಾಗೆ. ಪಟೇಲರು ಕಾನೂನು ಓದಿದವರು, ಇಂಗ್ಲಿಷು ಬಾರದವರಲ್ಲ. ಬರುತ್ತಿದ್ದೂ ಕನ್ನಡವನ್ನೇ ಆಡುತ್ತೇನೆ ಎಂದದ್ದರಲ್ಲಿ ಅದರ ತೂಕವಿದೆ. ಅಧ್ಯಕ್ಷರಾಗಿದ್ದ ನೀಲಂ ಸಂಜೀವರೆಡ್ಡಿಯವರು ಅವಕಾಶ ಕೊಟ್ಟರು. ಹಿಂದಿನ ಲೋಕಸಭೆಯಲ್ಲಿ ಶಿವಮೊಗ್ಗದ ಸದಸ್ಯರು ಉಪಾಧ್ಯಕ್ಷರ ಪೀಠದಲ್ಲಿ ಕೂತಿದ್ದರು. ಈ ಲೋಕಸಭೆಯಲ್ಲಿ ಶಿವಮೊಗ್ಗದ ಸದಸ್ಯರು ಪೀಠದ ಮುಂದೆ ನಿಂತು ನಮ್ಮ ನುಡಿಯನ್ನು ಆಡಿ ತೋರಿಸಿದರು. ಯಾವುದು ಹೆಚ್ಚಿನದೆಂದು ನೀವೇ ಹೇಳಿ.

ಆದರೆ ಮುಂದಿನ ಚುನಾವಣೆಯಲ್ಲಿ ಆ ಸ್ಥಾನ ಉಳಿಯಲಿಲ್ಲ. ಇಂದಿರಾ ಗಾಂಧಿಯವರು ಅವಧಿಗೆ ಒಂದು ವರ್ಷ ಮೊದಲೇ ಲೋಕಸಭೆಯನ್ನು ವಿಸರ್ಜಿಸಿ 1971ರಲ್ಲಿ ಚುನಾವಣೆ ತಂದರು. ವಿಧಾನಸಭೆಯ ಚುನಾವಣೆ 1972ಕ್ಕೆ ಬೇರೆಯಾಗಿ ಬಂತು. 1971ರಲ್ಲಿ ಅವರ ಕಾಂಗ್ರೆಸ್ಸು ಈ ರಾಜ್ಯದ ಇಪ್ಪತ್ತೇಳಕ್ಕೆ ಇಪ್ಪತ್ತೇಳು ಸ್ಥಾನಗಳನ್ನೂ ಬಾಚಿಕೊಂಡಿತು, ಶಿವಮೊಗ್ಗದಿಂದ ಟಿ.ವಿ. ಚಂದ್ರಶೇಖರಪ್ಪನವರು ಹೋದರು. ಮರುವರ್ಷ ವಿಧಾನಸಭೆಗೂ ಅದೇ ಗಾಳಿ. ಆ ಗಾಳಿಯಲ್ಲಿ ಸಮಾಜವಾದಿ ಪಕ್ಷಕ್ಕೆ ರಾಜ್ಯದಲ್ಲಿ ಉಳಿದದ್ದು ಮೂರೇ ಮೂರು ಸ್ಥಾನ. ಮೂರೂ ನಮ್ಮ ಜಿಲ್ಲೆಯವು: ಸೊರಬದಲ್ಲಿ ಬಂಗಾರಪ್ಪ, ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ. ಆ ಜೂನಿನಲ್ಲಿ ಗೋಪಾಲಗೌಡರು ತೀರಿಕೊಂಡರು. ಊರಿನ ಹೋರಾಟ ಊರಿನ ಸ್ಥಾನವನ್ನು ಉಳಿಸಿಕೊಟ್ಟಿತು; ದೆಹಲಿಯ ಗಾಳಿ ದೆಹಲಿಯ ಸ್ಥಾನವನ್ನು ಒಯ್ದಿತು.

(ಒಂದು ಮಾತು ಇಲ್ಲೇ ಹೇಳಿಬಿಡೋಣ. ಎಲ್ಲ ಚುನಾವಣೆಗಳನ್ನೂ ಒಟ್ಟಿಗೆ ನಡೆಸುವ ಮಸೂದೆಯನ್ನು 2024ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದರು. 1967ರಲ್ಲಿ ಒಟ್ಟಿಗೆ ನಡೆದದ್ದು ನಮಗೆ ಅನುಕೂಲವಾಗಲಿಲ್ಲವೆ ಎಂದು ನಿನ್ನೆ ಒಬ್ಬ ಸಂಗಾತಿ ಕೇಳಿದರು. 1952, 1957, 1962ರಲ್ಲೂ ಒಟ್ಟಿಗೇ ನಡೆದವು, ಲೋಕಸಭೆಯ ಸ್ಥಾನ ಸಮಾಜವಾದಿಗಳಿಗೆ ಬರಲಿಲ್ಲ. ಕೆಳಗೆ ಬೇರಿದ್ದರೆ ಒಟ್ಟಿಗೆ ನಡೆದಾಗ ಮೇಲಕ್ಕೆ ನೀರೇರಬಹುದು. ಬೇರಿಲ್ಲದಾಗ ಮೇಲಿನ ಗಾಳಿಯೇ ಕೆಳಗಿನದನ್ನೂ ಕಿತ್ತು ಒಯ್ಯುತ್ತದೆ.)

ಈಗ ನಮ್ಮ ಮಾತಿನ ನಡುಭಾಗಕ್ಕೆ ಬಂದೆವು. 1961ರಲ್ಲಿ ಭೂಸುಧಾರಣೆಯ ಕಾನೂನು ಆಯಿತು. ಅದರಲ್ಲಿ ಜಮೀನುದಾರನಿಗೆ ನುಸುಳುವ ಕಂಡಿಗಳು ಬೇಕಾದಷ್ಟಿದ್ದವು. ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸರ ಸರ್ಕಾರ ಮಾಡಿದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ತಾಲ್ಲೂಕುಗಳಲ್ಲಿ ಭೂನ್ಯಾಯ ಮಂಡಳಿಗಳು ಕೂತವು. ಗೇಣಿದಾರ ಏಳನೇ ನಮೂನೆಯ ಅರ್ಜಿ ಹಾಕಿ ಹಕ್ಕು ಪಡೆದ. ಕಾಗೋಡಿನಲ್ಲಿ ಬಿತ್ತಿದ ಬೀಜ ಇಪ್ಪತ್ಮೂರು ವರ್ಷಕ್ಕೆ ತೆನೆಯಾಯಿತು. ಬೇಡಿಕೆ ಸಮಾಜವಾದಿಗಳದು, ಲಾಠಿಯ ಏಟು ಗೇಣಿದಾರರದು, ಹಕ್ಕುಪತ್ರದ ಮೇಲಿನ ಮೊಹರು ಕಾಂಗ್ರೆಸ್ಸು ಸರ್ಕಾರದ್ದು.

ಆಮೇಲೆ ತುರ್ತುಪರಿಸ್ಥಿತಿ ಬಂತು. ಪಟೇಲರು ಜೈಲಿಗೆ ಹೋದರು. 1977ರಲ್ಲಿ ಉತ್ತರ ಹಿಂದೂಸ್ಥಾನ ಕಾಂಗ್ರೆಸ್ಸನ್ನು ಗುಡಿಸಿಹಾಕಿತು. ನಮ್ಮ ರಾಜ್ಯ ಇಪ್ಪತ್ತೆಂಟರಲ್ಲಿ ಇಪ್ಪತ್ತಾರನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಶಿವಮೊಗ್ಗ ಆರಿಸಿ ಕಳಿಸಿದ್ದು ಯಾರನ್ನು? ಬದರಿನಾರಾಯಣರನ್ನು! 1952ರಲ್ಲಿ ಗೋಪಾಲಗೌಡರ ಎದುರು ಗೇಣಿದಾರರು ಸೋಲಿಸಿದ್ದರಲ್ಲ, ಅವರನ್ನೇ. ಜನ ತುರ್ತುಪರಿಸ್ಥಿತಿಯನ್ನು ಒಪ್ಪಿದರು ಎಂದು ಇದಕ್ಕೆ ಅರ್ಥ ಹೇಳುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಏಳನೇ ನಮೂನೆಯ ಅರ್ಜಿ ಮಂಡಳಿಯ ಮುಂದೆ ಇನ್ನೂ ಬಾಕಿ ಇರುವಾಗ, ಆ ಮಂಡಳಿಯನ್ನು ಕೂರಿಸಿದ ಪಕ್ಷವನ್ನು ಗೇಣಿದಾರ ಕೈಬಿಡುವುದು ಹೇಗೆ? ಅವನು ಹಾಕಿದ್ದು ಬದರಿನಾರಾಯಣರಿಗಲ್ಲ, ತನ್ನ ಅರ್ಜಿಗೆ.

ಕೈಗೆ ಕಾಗದ ಕೊಟ್ಟವನಿಗೆ ಓಟು. ಇದು ಕೃತಜ್ಞತೆಯೂ ಹೌದು, ಜಾಣತನವೂ ಹೌದು. ಇದನ್ನು ಮತದಾರನ ದೌರ್ಬಲ್ಯವೆಂದು ಭಾಷಣ ಬಿಗಿಯುವುದು ಪಗಾರ ತೆಗೆದುಕೊಳ್ಳುವವರಿಗೆ ಸುಲಭ.

1980ರಿಂದ 1991ರವರೆಗಿನ ನಾಲ್ಕು ಚುನಾವಣೆಗಳಲ್ಲಿ ಹೆಚ್ಚು ಹೇಳುವುದಿಲ್ಲ; ಎಸ್.ಟಿ. ಖಾದ್ರಿ ಒಂದು ಸಲ, ಚಂದ್ರಶೇಖರಪ್ಪನವರು ಎರಡು ಸಲ, ಕೆ.ಜಿ. ಶಿವಪ್ಪ ಒಂದು ಸಲ, ಎಲ್ಲರೂ ಕಾಂಗ್ರೆಸ್ಸಿನವರೇ. ಈ ನಡುವೆ ರಾಜ್ಯದಲ್ಲಿ 1983ರಿಂದ ಜನತಾ ಸರ್ಕಾರವಿತ್ತು, ಪಟೇಲರು ಅದರಲ್ಲಿ ಮಂತ್ರಿ. 1984ರ ಡಿಸೆಂಬರಿನಲ್ಲಿ ಇಪ್ಪತ್ತೆಂಟರಲ್ಲಿ ಇಪ್ಪತ್ನಾಲ್ಕು ಲೋಕಸಭಾ ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟ ಮತದಾರ ಮೂರೇ ತಿಂಗಳ ಮೇಲೆ ವಿಧಾನಸಭೆಯಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟ. ದೆಹಲಿಗೆ ಒಂದು ಬಗೆ, ಬೆಂಗಳೂರಿಗೆ ಒಂದು ಬಗೆ ಎಂಬ ಆ ಹಳೆಯ ಅಭ್ಯಾಸವೇ.

ಬಂಗಾರಪ್ಪನವರ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅವರ ಹೆಸರು ತೆಗೆದರೆ ಈ ಜಿಲ್ಲೆಯ ಸಭೆಗಳಲ್ಲಿ ಅರ್ಧ ಜನ ಚಪ್ಪಾಳೆ ತಟ್ಟುತ್ತಾರೆ, ಅರ್ಧ ಜನ ಮುಖ ತಿರುಗಿಸುತ್ತಾರೆ. ಸಮಾಜವಾದಿಯಾಗಿ ಬೆಳೆದು, ಕಾಂಗ್ರೆಸ್ಸಿಗೆ ಹೋಗಿ, 1990ರಲ್ಲಿ ಮುಖ್ಯಮಂತ್ರಿಯಾದರು. ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ ಪುಕ್ಕಟೆ ಕರೆಂಟು, ಮನೆಯಿಲ್ಲದವರಿಗೆ ಆಶ್ರಯ ಯೋಜನೆ, ಹಳ್ಳಿಯ ಕಸುಬುದಾರರಿಗೆ ವಿಶ್ವ, ಗುಡಿಗಳಿಗೆ ಆರಾಧನಾ. ಅಂದರೆ ಕೈಗೆ ಕಾಗದ. 1996ರಲ್ಲಿ ಅವರೇ ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ ಶಿವಮೊಗ್ಗವನ್ನು ಗೆದ್ದರು. 1998ರಲ್ಲಿ ಆಯನೂರು ಮಂಜುನಾಥರ ಎದುರು ಸೋತರು. ಭಾರತೀಯ ಜನತಾ ಪಕ್ಷಕ್ಕೆ ಇಲ್ಲಿ ಸಿಕ್ಕ ಮೊದಲ ಲೋಕಸಭಾ ಗೆಲುವು ಅದು. 1999ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2004ರಲ್ಲಿ ಭಾರತೀಯ ಜನತಾ ಪಕ್ಷದಿಂದಲೇ ಗೆದ್ದರು. ಮರುವರ್ಷ ಅದನ್ನು ಬಿಟ್ಟು, ರಾಜೀನಾಮೆ ಕೊಟ್ಟು, ಸಮಾಜವಾದಿ ಪಾರ್ಟಿಯ ಸೈಕಲ್ ಗುರುತಿನಿಂದ ಉಪಚುನಾವಣೆಯನ್ನೂ ಗೆದ್ದರು. ಒಂದೇ ಕ್ಷೇತ್ರ, ಒಬ್ಬನೇ ಮನುಷ್ಯ, ನಾಲ್ಕು ಪಕ್ಷ, ನಾಲ್ಕು ಗೆಲುವು.

ಇನ್ನು 2005ನ್ನು ಲೆಕ್ಕಕ್ಕೆ ಹಿಡಿಯೋಣವೆ? ಹಿಡಿಯಲಾಗದು. ಆ ಸೈಕಲ್ಲನ್ನು ಲಖನೌದಿಂದ ಎರವಲು ತಂದದ್ದು; ಅದರ ಮೇಲೆ ಕೂತವರಿಗೆ ಬಿದ್ದ ಓಟು ಅದು. ಆದರೆ ಅದಕ್ಕಿಂತ ಮುಖ್ಯವಾದ ಮಾತು ಬೇರೆಯಿದೆ. 1952ರಲ್ಲಿ ಮರದ ಪೆಟ್ಟಿಗೆಯನ್ನು ಹುಡುಕಿದ ಗೇಣಿದಾರನ ಮಕ್ಕಳು ಮೊಮ್ಮಕ್ಕಳು ತಮ್ಮವನೆಂದು ಬಂಗಾರಪ್ಪನವರ ಹಿಂದೆ ನಡೆದರು. ಅವರು ಯಾವ ಬಾಗಿಲಿಗೆ ಹೋದರೆ ಆ ಬಾಗಿಲಿಗೆ. 2004ರಲ್ಲಿ ಆ ದಾರಿ ಕಮಲದ ಬಾಗಿಲಿಗೂ ಹೋಯಿತು. ಬಂಗಾರಪ್ಪನವರು ಒಂದು ವರ್ಷದಲ್ಲಿ ಹೊರಬಂದರು. ಹಿಂದೆ ಹೋದವರೆಲ್ಲರೂ ಹೊರಬರಲಿಲ್ಲ. 2009ರಲ್ಲಿ ಮತ್ತೆ ಕಾಂಗ್ರೆಸ್ಸಿನಿಂದ ನಿಂತಾಗ ಯಡಿಯೂರಪ್ಪನವರ ಮಗ ಬಿ.ವೈ. ರಾಘವೇಂದ್ರರ ಎದುರು ಐವತ್ತು ಸಾವಿರಕ್ಕೂ ಮಿಕ್ಕಿ ಓಟುಗಳಿಂದ ಸೋತರು. 2011ರ ಡಿಸೆಂಬರಿನಲ್ಲಿ ತೀರಿಕೊಂಡರು.

ಅಲ್ಲಿಂದ ಈಚೆಗಿನದು ನಿಮ್ಮ ಕಣ್ಣ ಮುಂದಿನದೇ. 2014ರಲ್ಲಿ ಯಡಿಯೂರಪ್ಪನವರು ತಾವೇ ನಿಂತು 3 ಲಕ್ಷ 63 ಸಾವಿರದ ಅಂತರದಿಂದ ಗೆದ್ದರು. 2018ರ ಉಪಚುನಾವಣೆ, 2019, 2024, ಮೂರರಲ್ಲೂ ಮತ್ತೆ ರಾಘವೇಂದ್ರ. ಮೊದಲೆರಡರಲ್ಲಿ ಎದುರು ನಿಂತವರು ಬಂಗಾರಪ್ಪನವರ ಮಗ ಮಧು, ಮೂರನೆಯದರಲ್ಲಿ ಮಗಳು ಗೀತಾ ಶಿವರಾಜಕುಮಾರ್. 2018ರ ಕಣದಲ್ಲಂತೂ ಪಟೇಲರ ಮಗ ಮಹಿಮಾ ಪಟೇಲರೂ ಇದ್ದರು. ಮೂವರು ಮಾಜಿ ಮುಖ್ಯಮಂತ್ರಿಗಳ ಮೂವರು ಮಕ್ಕಳು ಒಂದೇ ಮತಯಂತ್ರದ ಮೇಲೆ! ಮತದಾರನಿಗೆ ಆರಿಸಲು ಉಳಿದದ್ದು ಅಪ್ಪಂದಿರನ್ನು ಮಾತ್ರ. ಒಡೆಯನ ಮಗ ಒಡೆಯ ಎಂಬ ಪದ್ಧತಿಯನ್ನು ಗದ್ದೆಯಿಂದ ಓಡಿಸಿದ ಜಿಲ್ಲೆಯಲ್ಲಿ ಅದು ಮತಗಟ್ಟೆಯ ಬಾಗಿಲಿನಿಂದ ಒಳಗೆ ಬಂತು. 2024ರ ಅಂತರ 2 ಲಕ್ಷ 43 ಸಾವಿರ. ಕುಟುಂಬ ರಾಜಕಾರಣದ ವಿರುದ್ಧವೆಂದು ಬಂಡೆದ್ದು ಪಕ್ಷೇತರರಾಗಿ ನಿಂತ ಈಶ್ವರಪ್ಪನವರಿಗೆ ಬಂದದ್ದು ಮೂವತ್ತು ಸಾವಿರದ ಆಸುಪಾಸು.

ಈ ಗೆಲುವುಗಳನ್ನೆಲ್ಲ ಧರ್ಮದ ಅಮಲೆಂದು ತಳ್ಳಿಹಾಕಬೇಡಿ. ಅಮಲೂ ಇದೆ. ಆದರೆ ಯಡಿಯೂರಪ್ಪನವರು ಶಿಕಾರಿಪುರದಲ್ಲಿ ಹೆಸರು ಮಾಡಿದ್ದೇ ಬಗರ್‌ಹುಕುಂ ಸಾಗುವಳಿದಾರರ ಹೋರಾಟದಿಂದ. ಅಂದರೆ ಅವರೂ ಏರಿದ ಮೆಟ್ಟಿಲು ಭೂಮಿಯದೇ. ಮೇಲೆ ಏರಿದ ಮೇಲೆ ರಸ್ತೆ ಬಂತು, 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಬಂತು, 2025ರ ಜುಲೈನಲ್ಲಿ ಸಿಗಂದೂರಿಗೆ ಹೋಗುವ ಸೇತುವೆ ಬಂತು. ಆ ಸೇತುವೆಯನ್ನು ನಾವೂ ಸ್ವಾಗತಿಸುತ್ತೇವೆ. ಲಿಂಗನಮಕ್ಕಿಯ ಹಿನ್ನೀರು ನಿಂತಾಗಿನಿಂದ ಅರವತ್ತು ವರ್ಷ ಹೆರಿಗೆಯ ಹೆಂಗಸನ್ನೂ ಹೆಣವನ್ನೂ ಲಾಂಚಿನಲ್ಲಿ ದಾಟಿಸಿದ ಜನ ಅವರು. ಆದರೆ ಇದೇ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದ 2020ರಲ್ಲಿ ಭೂಸುಧಾರಣಾ ಕಾನೂನಿನ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಒಕ್ಕಲಲ್ಲದವನೂ ಹಣವಿದ್ದರೆ ಜಮೀನು ಕೊಳ್ಳಬಹುದೆಂದು ಮಾಡಿದರು. ಏಳನೇ ನಮೂನೆಯಲ್ಲಿ ಬಂದ ಗದ್ದೆ ಬೆಂಗಳೂರಿನ ಹಣವಂತನ ಕೈಗೆ ಕ್ರಯಪತ್ರದಲ್ಲಿ ಹೋಗಲು ದಾರಿಯಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮಲ್ಲಿ ಕೆಲವರು ಎತ್ತಿರುವ ಪ್ರಶ್ನೆಗೆ ಬರುತ್ತೇವೆ: ‘ಲೋಕಸಭೆಯ ಸ್ಥಾನದ ತಂಟೆಯೇ ನಮಗೆ ಬೇಡ, ಪಂಚಾಯಿತಿ, ವಿಧಾನಸಭೆ ಸಾಕು.’ ಹಣದ ಲೆಕ್ಕ ನೋಡಿದರೆ ನಿಮ್ಮ ಮಾತು ಸರಿ. 1952ರಲ್ಲಿ ಠೇವಣಿ 500 ರೂಪಾಯಿ, ಖರ್ಚಿನ ಮಿತಿ 25 ಸಾವಿರ. ಈಗ ಠೇವಣಿಯೇ 25 ಸಾವಿರ, ಖರ್ಚಿನ ಮಿತಿ 2022ರಿಂದ 95 ಲಕ್ಷ. ಮಿತಿ ಎಂಬುದು ಸಾಚಾ ಮನುಷ್ಯನಿಗೆ ಮಾತ್ರ ಎಂಬುದನ್ನೂ ಬಲ್ಲಿರಿ. ಬಿದ್ದ ಓಟಿನ ಆರನೇ ಒಂದು ಪಾಲು ಬಾರದಿದ್ದರೆ ಠೇವಣಿ ಹೋಯಿತು. 2024ರ ಲೆಕ್ಕದಲ್ಲಿ ಅದೇ ಎರಡು ಲಕ್ಷಕ್ಕೆ ಮೀರುತ್ತದೆ.

ಆದರೂ ಬಿಡಲಾಗದು. ಏಕೆ ಎಂಬುದನ್ನು ಶರಾವತಿಯ ಮುಳುಗಡೆಯ ಒಂದು ಉದಾಹರಣೆಯಿಂದ ಹೇಳುತ್ತೇವೆ. ಲಿಂಗನಮಕ್ಕಿ ಕಟ್ಟೆ 1964ರಲ್ಲಿ ಮುಗಿಯಿತು. ನಾಡಿಗೆ ಬೆಳಕು ಕೊಡಲು ಮನೆ ಮಠ ಕಳೆದುಕೊಂಡವರನ್ನು ಕಾಡಿನ ಜಾಗಗಳಿಗೆ ತಂದು ಬಿಟ್ಟರು. ಉಳುತ್ತಿದ್ದಾರೆ, ಮನೆ ಕಟ್ಟಿದ್ದಾರೆ, ಮಕ್ಕಳ ಮದುವೆ ಮಾಡಿದ್ದಾರೆ. ಹಕ್ಕಿನ ಕಾಗದವಿಲ್ಲದವರು ಇನ್ನೂ ಎಷ್ಟೋ ಮಂದಿ. 2006ರ ಅರಣ್ಯ ಹಕ್ಕು ಕಾನೂನಿನಡಿ ಅರ್ಜಿ ಹಾಕಿ ಎನ್ನುತ್ತಾರೆ. ಆ ಕಾನೂನಿನ ಪ್ರಕಾರ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಕಟ್ಟೆಯ ನೀರು ಬಂದು ಎಬ್ಬಿಸಿ ನಲವತ್ತು ಚಿಲ್ಲರೆ ವರ್ಷವಾಗಿದ್ದವನು ಆ ಹೊಸ ಜಾಗದಲ್ಲಿ 75 ವರ್ಷದ ದಾಖಲೆಯನ್ನು ಎಲ್ಲಿಂದ ತರಬೇಕು? ಅವನ ಅಜ್ಜನ ದಾಖಲೆಯಿರುವ ಊರು ನೀರಿನ ಕೆಳಗಿದೆ. ಸರಿ, ರಾಜ್ಯ ಸರ್ಕಾರವೇ ಅರಣ್ಯದಿಂದ ಬಿಡಿಸಿಕೊಡಲಿ ಎಂದರೆ 1980ರ ಅರಣ್ಯ ಸಂರಕ್ಷಣಾ ಕಾನೂನು ಅಡ್ಡ. ಕೇಂದ್ರದ ಒಪ್ಪಿಗೆ ಬೇಕು. ಎರಡೂ ಪಾರ್ಲಿಮೆಂಟಿನ ಕಾನೂನುಗಳು. ವಿಧಾನಸಭೆಯಲ್ಲಿ ಎಷ್ಟು ಕೂಗಿದರೂ ಅವುಗಳ ಒಂದಕ್ಷರ ಬದಲಾಗುವುದಿಲ್ಲ. ಕೊಳಗದ ಜಗಳಕ್ಕೆ ಬೆಂಗಳೂರು ಸಾಕಾಗಿತ್ತು. ಈ ಜಗಳಕ್ಕೆ ಸಾಲದು.

ಬಗರ್‌ಹುಕುಂನದೂ ಹೆಚ್ಚು ಕಡಿಮೆ ಇದೇ ಪಾಡು. ನಮೂನೆ 50, ನಮೂನೆ 53, ನಮೂನೆ 57 ಎಂದು ಮೂರು ಕಾಲದಲ್ಲಿ ಮೂರು ಅರ್ಜಿ ಹಾಕಿದ ಮನೆಗಳಿವೆ. ಅಪ್ಪ 50ರಲ್ಲಿ ಹಾಕಿದ, ಮಗ 57ರಲ್ಲಿ ಹಾಕಿದ. ಚುನಾವಣೆ ಬಂದಾಗ ಇದೇ ಅರ್ಜಿಗಳನ್ನು ಎರಡು ಪಕ್ಷದವರೂ ಎತ್ತಿ ತೋರಿಸುತ್ತಾರೆ. ಮುಗಿದ ಮೇಲೆ ಗಂಟು ಕಟ್ಟಿಡುತ್ತಾರೆ.

ಆದ್ದರಿಂದ ಮುಂದಿನ ಲೋಕಸಭಾ ಚುನಾವಣೆಗೆ ಅಭ್ಯರ್ಥಿ ಯಾರೆಂಬ ಚರ್ಚೆಯನ್ನು ಈ ಶಿಬಿರದಲ್ಲಿ ಎತ್ತಬೇಡಿರೆಂದು ಕೇಳಿಕೊಳ್ಳುತ್ತೇವೆ. ಅದಕ್ಕೆ ಮೊದಲು ಮತಗಟ್ಟೆಗೊಂದು ಪುಸ್ತಕ ಬೇಕು. ಮನೆಯ ಯಜಮಾನ ಅಥವಾ ಯಜಮಾನಿಯ ಹೆಸರು, ಸರ್ವೆ ನಂಬರು, ಯಾವ ನಮೂನೆ, ಅರ್ಜಿ ಹಾಕಿದ ತಾರೀಖು, ಹಿಂಬರಹ ಬಂದಿದ್ದರೆ ಅದರ ಕಾರಣ, ಮುಳುಗಡೆಯವರಾದರೆ ಬಿಟ್ಟುಬಂದ ಊರಿನ ಹೆಸರು. ಹೆಂಗಸರ ಹೆಸರಿನಲ್ಲಿರುವ ಅರ್ಜಿಗಳನ್ನು ಬಿಡಬೇಡಿ. ಗಂಡಸರು ಹೇಳುವುದಿಲ್ಲ, ನೀವೇ ಕೇಳಬೇಕು. 1974ರ ಏಳನೇ ನಮೂನೆಯಂತೆ ಈ ಅರ್ಜಿಗಳೂ ಒಂದು ದಿನ ಇತ್ಯರ್ಥವಾಗುತ್ತವೆ. ಆ ದಿನ ಮಂಡಳಿಯ ಬಾಗಿಲಲ್ಲಿ ಅರ್ಜಿದಾರನ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತವರು ನಾವಾಗಿರಬೇಕು.

ಇನ್ನೊಂದು ತೊಡಕು ಬೈಂದೂರಿನದು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹೊಸನಗರದ ವಿಧಾನಸಭಾ ಕ್ಷೇತ್ರವನ್ನೇ ಇಲ್ಲವಾಗಿಸಿ ಸಾಗರಕ್ಕೂ ತೀರ್ಥಹಳ್ಳಿಗೂ ಹಂಚಿದರು. ಉಡುಪಿ ಜಿಲ್ಲೆಯ ಬೈಂದೂರನ್ನು ತಂದು ನಮ್ಮ ಲೋಕಸಭಾ ಕ್ಷೇತ್ರಕ್ಕೆ ಕಟ್ಟಿದರು. ಪಟೇಲರ ಚನ್ನಗಿರಿ ಈಗ ದಾವಣಗೆರೆಗೆ ಓಟು ಹಾಕುತ್ತದೆ. ಹೀಗಾಗಿ ಈ ಕ್ಷೇತ್ರ ಈಗ ಮರವಂತೆಯ ಕಡಲ ದಡದಿಂದ ಶಿಕಾರಿಪುರದ ಕೆರೆ ಬಯಲಿನವರೆಗಿದೆ. ಘಟ್ಟದ ಕೆಳಗಿನ ಜನಕ್ಕೆ ಕಾಗೋಡಿನ ಕಥೆ ಹೇಳಿದರೆ ಸೌಜನ್ಯಕ್ಕೆ ಕೇಳಿಯಾರು. ಅವರ ಜಗಳ ಮೀನುಗಾರಿಕೆಯ ಬಂದರಿನದು, ಕಡಲ್ಕೊರೆತದ್ದು, ಕುಮ್ಕಿ ಜಮೀನಿನದು. ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ನಿಲ್ಲಬಲ್ಲ, ದೋಣಿಯವರ ಮಾತು ತಿಳಿಯಬಲ್ಲ ಇಬ್ಬರು ಕಾರ್ಯಕರ್ತರು ಬೇಕಾಗಿದ್ದಾರೆ. ಊಟ ವಸತಿಯ ಏರ್ಪಾಡನ್ನು ಜಿಲ್ಲಾ ಸಮಿತಿ ನೋಡಿಕೊಳ್ಳುತ್ತದೆ. ಹೆಸರು ಕೊಡುವವರು ಮಧ್ಯಾಹ್ನದ ಊಟಕ್ಕೆ ಮೊದಲು ಕೊಡಬಹುದು. ಮತಗಟ್ಟೆಯ ಪುಸ್ತಕಗಳು ಹೊರಗಿನ ಮೇಜಿನ ಮೇಲಿವೆ.